ಇರುವೆ ಮುತ್ತಿದ ಗೋಡೆ

"ಚಿಕ್ಕಮ್ಮಾ! ಗೋಡೆ ನೆಕ್ತಾ ಇದ್ದೀಯಾ?"

ಅಕ್ಕನ ಮಗಳು ಬಾಗಿಲಲ್ಲಿ ನಿಂತು ಕೂಗಿದ ರಭಸಕ್ಕೆ ಇನ್ನೊಬ್ಬರಾಗಿದ್ದರೆ ಬೆಚ್ಚಿಬೀಳುತ್ತಿದ್ದರು. ಚಿಕ್ಕಮ್ಮ ತಿರುಗಿಯೂ ನೋಡಲಿಲ್ಲ. ಹಿಂದಿನ ಕೋಣೆಯ ಗೋಡೆಯ ಮೇಲೆ ಹರಡಿದ್ದ ಕಂದು ಬಣ್ಣದ ಒದ್ದೆ ಕಲೆಗೆ ತೋರುಬೆರಳು ಒತ್ತಿ, ಅದನ್ನು ನಾಲಿಗೆಯ ತುದಿಗೆ ತಾಕಿಸಿ, ಅಡುಗೆಗೆ ಉಪ್ಪು ಸಾಕೋ ಬೇಕೋ ಎಂದು ನೋಡುವವರ ಹಾಗೆ ಕಣ್ಣು ಮುಚ್ಚಿ ನಿಂತಿದ್ದರು.

"ನೆಕ್ತಾ ಇಲ್ಲ ಪುಟ್ಟಿ, ರುಚಿ ನೋಡ್ತಾ ಇದ್ದೀನಿ. ಎರಡಕ್ಕೂ ವ್ಯತ್ಯಾಸ ಇದೆ."

"ಹೇಗಿದೆ?" ಎಂದ ಪುಟ್ಟಿಯ ಗಂಡ, ಹೆಂಡತಿಯ ಭುಜದ ಮೇಲಿಂದ ಇಣುಕಿ. ಮಕ್ಕಳಿಗೆ ಈಜು ಕಲಿಸುವ ಮೇಷ್ಟ್ರು ಅವನು. ದಿನವಿಡೀ ನೀರಿನಲ್ಲೇ ಇರುವವನಿಗೆ ಈ ಗೋಡೆಯ ನೀರು ಕಂಡರೆ ಮಾತ್ರ ಎದೆ ಡವಡವ.

"ಚೆನ್ನಾಗಿದೆ," ಎಂದರು ಚಿಕ್ಕಮ್ಮ. "ಅದೇ ಅನುಮಾನ."

ಮಾರಾಟಕ್ಕಿರುವ ಈ ಮನೆಗೆ ಕೊಳ್ಳುವವರು ಕಾಲಿಟ್ಟ ದಿನವೆಲ್ಲ ಒಂದಲ್ಲ ಒಂದು ಗೋಡೆ ಬೆವರುತ್ತಿತ್ತು. ಬಂದವರು ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋಗುತ್ತಿದ್ದರು. ಪುಟ್ಟಿ ಮಾತ್ರ ಹೋಗಲಿಲ್ಲ. ಹೋಗುವುದಕ್ಕೆ ಅವಳಿಗೆ ಬೇರೆ ಜಾಗವೇ ಇರಲಿಲ್ಲ.

ಪುಟ್ಟಿ ನೃತ್ಯದವರಿಗೆ, ನಾಟಕದವರಿಗೆ ಬಟ್ಟೆ ಹೊಲಿಯುವವಳು. ಬಾಡಿಗೆ ಮನೆಯ ಮಲಗುವ ಕೋಣೆಯಲ್ಲೇ ಹೊಲಿಗೆ ಯಂತ್ರಗಳು. ಗಂಡ ಮಂಚದಲ್ಲಿ ತಲೆಯಿಟ್ಟು ಯಂತ್ರದ ಕೆಳಗೆ ಕಾಲು ಚಾಚಿ ಮಲಗುವವನು. ಬೆಳಿಗ್ಗೆ ಎದ್ದರೆ ಅಂಗಾಲಿಗೆ ಜರಿಯ ಚೂರು, ಕಿವಿಯಲ್ಲಿ ಗುಂಡಿ. ಇವೆಲ್ಲದರ ಮೇಲೆ ಈಗ ಅವಳಿಗೆ ತುಂಬಿದ ತಿಂಗಳು ಬೇರೆ ಹತ್ತಿರ ಬರುತ್ತಿತ್ತು. ಈ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ ಎಬ್ಬಿಸಿದರೆ ಯಂತ್ರಗಳು ಮೇಲೆ, ಮಗು ಕೆಳಗೆ, ಗಂಡನ ಕಾಲು ಮಂಚದ ಮೇಲೆ. ಬದುಕು ಅಷ್ಟು ಸರಳವಾಗಿ ಕಣ್ಣಿಗೆ ಕಟ್ಟಿತ್ತು. ಗೋಡೆ ಒಳಗಿಂದಲೇ ನೆನೆದಿದ್ದರೆ ಮಾತ್ರ ಮೇಲೆ ಕೋಣೆಯ ಮಾತೇ ಇಲ್ಲವೆಂದು ಇಂಜಿನಿಯರಮ್ಮ ಖಡಾಖಂಡಿತ ಹೇಳಿಬಿಟ್ಟಿದ್ದಳು.

ಆ ಇಂಜಿನಿಯರಮ್ಮ ಈಗ ಕಲೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು, ತೇವ ಅಳೆಯುವ ಯಂತ್ರದ ಮುಳ್ಳನ್ನು ಗೋಡೆಗೆ ಚುಚ್ಚಿ ನೋಡುತ್ತಿದ್ದಳು. ಚಿಕ್ಕ ವಯಸ್ಸು, ದೊಡ್ಡ ಬೂಟು, ಕಿವಿಯ ಹಿಂದೆ ಪೆನ್ಸಿಲು.

"ವಿಚಿತ್ರ ಮೇಡಂ. ಮೇಲ್ಮೈ ತೊಪ್ಪೆ ಆಗಿದೆ. ಒಂದು ಬೆರಳು ಒಳಗೆ ಹೋದ್ರೆ ಒಣಗಿದ ರೊಟ್ಟಿ ಥರ ಇದೆ."

"ನೆಲದಿಂದ ಹತ್ತಿದ ನೀರಾದ್ರೆ?" ಎಂದರು ಚಿಕ್ಕಮ್ಮ.

"ಕೆಳಗಿಂದ ಮೇಲಕ್ಕೆ ಬರ್ಬೇಕು. ಇಲ್ಲಿ ಕೆಳಗೆ ಒಣಗಿದೆ."

"ಮಾಳಿಗೆಯಿಂದ ಸೋರಿದ್ರೆ?"

"ಸೂರಿಂದ ಇಳೀಬೇಕು. ಮೇಲೂ ಒಣಗಿದೆ." ಇಂಜಿನಿಯರಮ್ಮ ತಲೆ ಕೆರೆದುಕೊಂಡಳು. "ನಡುವೆ ಮಾತ್ರ ಒದ್ದೆ. ನಲ್ಲಿ ಕೊಳವೆಯೂ ಈ ಕಡೆ ಇಲ್ಲ."

ಚಿಕ್ಕಮ್ಮ ಬಲಗೈ ಎತ್ತಿ ಕಲೆಯ ಮೇಲಂಚಿಗೆ ಹಿಡಿದರು. ಅವರ ಬೆರಳಿಗಿಂತ ತುಸು ಎತ್ತರ. ಅವರಿಗಿಂತ ಎತ್ತರದವರೊಬ್ಬರು ಕೈ ಎತ್ತಿದರೆ ಸರಿಯಾಗಿ ಸಿಗುವಷ್ಟು.

ಬಹಳ ವರ್ಷ ವಿಮೆ ಕಂಪನಿಯಲ್ಲಿ ಪರಿಹಾರದ ಅರ್ಜಿಗಳನ್ನು ಪರೀಕ್ಷಿಸುವ ಕೆಲಸ ಅವರದು. ಸುಟ್ಟ ಅಂಗಡಿ, ನೆನೆದ ಗೋದಾಮು, 'ತಾನಾಗಿಯೇ' ಬಿದ್ದ ಗೋಡೆ ಇವನ್ನೆಲ್ಲ ನೋಡಿ, ಹೇಳುತ್ತಿರುವುದು ನಿಜವೋ ಸುಳ್ಳೋ ಎಂದು ಬೇರ್ಪಡಿಸಬೇಕಿತ್ತು. ಅವರು ನಿವೃತ್ತರಾದರು. ಅವರ ಮೂಗು ಆಗಲಿಲ್ಲ.

"ಪುಟ್ಟಿ, ಇಲ್ಲಿ ಬಾ. ಕಿಟಕಿ ಕಟ್ಟೆಯಿಂದ ಗೋಡೆವರೆಗೂ ನೋಡ್ತಾ ಬಾ. ಏನು ಕಾಣುತ್ತೆ?"

ಪುಟ್ಟಿ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. "ಇರುವೆ."

"ಸಾಲಾಗಿ?"

"ಹ್ಞೂಂ, ಸಾಲಾಗಿ. ಕಲೆ ಕಡೆಗೇ ಹೋಗ್ತಿವೆ."

"ತೇವ ಬಂದ ಗೋಡೆ ಉಪ್ಪು ಕಕ್ಕುತ್ತೆ. ಉಪ್ಪಿಗೆ ಇರುವೆ ಮುತ್ತೋದನ್ನ ಎಲ್ಲಾದ್ರೂ ಕಂಡಿದ್ದೀಯಾ?" ಚಿಕ್ಕಮ್ಮ ಸೆರಗಿನಿಂದ ಬೆರಳು ಒರೆಸಿಕೊಂಡರು. "ಈ ಗೋಡೆ ಸಿಹಿಯಾಗಿದೆ ಕಣೇ. ಬರೀ ಸಿಹಿಯಲ್ಲ, ಒಗರೂ ಇದೆ. ಯಾರೋ ಸಕ್ಕರೆ ಹಾಕಿದ ಚಹಾ ಬಳಿದಿದ್ದಾರೆ."

ಅಳಿಯ ಮೇಷ್ಟ್ರು ಕಿಸಕ್ಕನೆ ನಕ್ಕ. ಅವನ ನಗು ಹೆಂಡತಿಗೆ ಹತ್ತಿತು, ಹೆಂಡತಿಯಿಂದ ಇಂಜಿನಿಯರಮ್ಮನಿಗೆ. ಇಷ್ಟು ದಿನ ಬುನಾದಿ ಕುಸಿದಿದೆ, ಮನೆ ಮುಳುಗುತ್ತಿದೆ ಎಂದು ಹೆದರಿಕೊಂಡಿದ್ದ ಮೂವರೂ ಗೋಡೆಗೆ ಒರಗಿ ನಕ್ಕರು.

"ನಗಿ, ನಗಿ," ಎಂದರು ಚಿಕ್ಕಮ್ಮ. "ಗೋಡೆ ಗಟ್ಟಿ ಇದೆ ಅಂತ ಗೊತ್ತಾಯ್ತಲ್ಲ. ಆದ್ರೆ ನಿಮಗೆ ಈ ಮನೆ ಸಿಗಬಾರದು ಅಂತ ಒಬ್ಬರಿಗೆ ಇಷ್ಟು ಹಟ ಇದೆ. ಅವರು ಯಾರು ಅಂತ ತಿಳಿಯದೆ ಮನೆ ತಗೊಂಡ್ರೆ, ನಾಳೆ ಮೇಲಿನ ಕೋಣೆಗೂ ಚಹಾ ಕುಡಿಸ್ತಾರೆ."

ಮುಂದಿನ ಜಗುಲಿಯಲ್ಲಿ ಮನೆಯ ಒಡತಿ ಕಾಯುತ್ತಿದ್ದರು. ಬಹಳ ಕಾಲ ಆಕಾಶವಾಣಿಯಲ್ಲಿ ವಾರ್ತೆ ಓದಿದವರು. ಬೀದಿಗೆಲ್ಲ ಅವರು ರೇಡಿಯೊ ಮೇಡಂ. 'ನೀರು ಬೇಕಾ?' ಎಂದು ಕೇಳಿದರೂ ದೇಶದ ಮುಖ್ಯ ಸಮಾಚಾರದಂತೆ ಕೇಳಿಸುವ ಗಂಟಲು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಎಂದೋ ಮುನಿಸಿಕೊಂಡು ಕೀಲಿಯ ಸಮೇತ ಮನೆ ಬಿಟ್ಟವಳು ಮತ್ತೆ ಬಂದಿರಲಿಲ್ಲ. ಇಷ್ಟು ದೊಡ್ಡ ಮನೆ ಗುಡಿಸಿ ಸಾಕಾಯಿತೆಂದು ಮನೆ ಮಾರಿ, ದೂರದ ಊರಿನಲ್ಲಿ ಸಣ್ಣದೊಂದು ಫ್ಲ್ಯಾಟಿಗೆ ಹೋಗಿಬಿಡುವ ಯೋಚನೆ ಅವರದು.

ಅವರ ಎದುರಿಗೆ ದಲ್ಲಾಳಿ. ಏನು ಕೇಳಿದರೂ 'ಸಲೀಸಾಗಿ ಆಗುತ್ತೆ' ಎನ್ನುವ ಅಭ್ಯಾಸದಿಂದ ಅವನಿಗೆ ಸಲೀಸಣ್ಣ ಎಂದೇ ಹೆಸರು ಬಿದ್ದಿತ್ತು.

"ಏನಾಯ್ತು ಚಿಕ್ಕಮ್ಮಾವರೇ? ಗೋಡೆ ಸಲೀಸಾಗಿ..."

"ಸಲೀಸಾಗಿ ನೆನೆದಿದೆ," ಎಂದು ಚಿಕ್ಕಮ್ಮ ಕುರ್ಚಿಯಲ್ಲಿ ಕೂತರು. "ಮೊದಲು ಎಲ್ಲರೂ ಚಹಾ ಕುಡಿಯೋಣ. ಪುಟ್ಟಿ, ಎಲ್ಲರಿಗೂ ಸಕ್ಕರೆ ಮುಂದಾಗಿ ಹಾಕಮ್ಮ."

"ಅಯ್ಯೋ, ನನಗೆ ಬೇಡಿ!" ಸಲೀಸಣ್ಣ ಕೈ ಮುಗಿದ. "ಸಕ್ಕರೆ ಕಾಯಿಲೆ. ಹೆಂಡ್ತಿಗೆ ಗೊತ್ತಾದ್ರೆ ಮನೆ ಬಾಗಿಲು ಹಾಕ್ಕೋತಾಳೆ. ಊರಿಗೆಲ್ಲ ಮನೆ ಕೊಡಿಸಿ ನಾನು ಬೀದಿಗೆ ಬೀಳ್ಬೇಕಾಗುತ್ತೆ."

"ನನಗೂ ಬೇಡಮ್ಮ," ಎಂದರು ರೇಡಿಯೊ ಮೇಡಂ. "ಗಂಟಲು ಕೆಡುತ್ತೆ ಅಂತ ಚಹಾ ಬಿಟ್ಟು ಎಷ್ಟೋ ಕಾಲ ಆಯ್ತು. ಬಿಸಿನೀರು ಸಾಕು. ಈ ಮನೆಯಲ್ಲಿ ಚಹಾಪುಡಿಯೇ ಇಲ್ಲ ನೋಡು."

ಚಿಕ್ಕಮ್ಮನ ಮನಸ್ಸಿನಲ್ಲಿ ಲೆಕ್ಕ ಓಡಿತು. ಗೋಡೆ ಕೆಡಿಸುವ ಉದ್ದೇಶಕ್ಕೇ ಚಹಾ ಕಾಯಿಸುವವರು ಅದಕ್ಕೆ ಸಕ್ಕರೆ ಹಾಕುವುದಿಲ್ಲ. ತಾನು ಕುಡಿದು ಉಳಿದದ್ದನ್ನು ಬಳಿದವರು ಇವರು. ಮನೆ ಕುಲಗೆಟ್ಟರೆ ಬೆಲೆ ಇಳಿಯುತ್ತದೆ ಎಂದು ಸಲೀಸಣ್ಣನೇ ಮಾಡಿರಬಹುದೆಂದು ಈ ಗಳಿಗೆಯವರೆಗೂ ಅವರು ನಂಬಿದ್ದರು. ಆ ನಂಬಿಕೆ ಈಗ ನೀರುಪಾಲಾಯಿತು. ಮೇಡಂಗೇ ಮನೆ ಬಿಡುವ ಮನಸ್ಸಿಲ್ಲವೇನೋ ಎಂಬ ಸಂಶಯವೂ ಒಂದು ಮೂಲೆಯಲ್ಲಿತ್ತು. ಅದೂ ಬಿಸಿನೀರಿನಲ್ಲಿ ಕರಗಿತು.

"ಮೇಡಂ, ಬೆಳಿಗ್ಗೆ ಹೊತ್ತು ನೀವು ಏನು ಮಾಡ್ತೀರಿ?"

ರೇಡಿಯೊ ಮೇಡಂ ಸ್ವಲ್ಪ ನಾಚಿಕೊಂಡರು. "ಪೇಪರ್ ಓದ್ತೀನಿ. ಇಲ್ಲೇ, ಇದೇ ಕುರ್ಚಿಯಲ್ಲಿ. ಗಟ್ಟಿಯಾಗಿ ಓದ್ತೀನಿ. ಹಳೇ ಚಟ, ಏನು ಮಾಡೋದು? ಮುಖ್ಯಾಂಶಗಳಿಂದ ಹವಾಮಾನದವರೆಗೂ ಮುಗಿಸದೆ ಏಳಲ್ಲ."

"ಆಗ ಹಿತ್ತಲ ಬಾಗಿಲು?"

"ತೆಗೆದೇ ಇರುತ್ತೆ. ಗಾಳಿ ಆಡಲಿ ಅಂತ."

"ಗಿರಾಕಿ ಬಂದ ದಿನಗಳಲ್ಲಿ, ಅವತ್ತು ಬೆಳಿಗ್ಗೆ, ಏನಾದರೂ ಹೊಸದು ಕಂಡಿತ್ತಾ? ಏನಾದ್ರೂ ಸದ್ದು?"

ಮೇಡಂ ಯೋಚಿಸಿದರು. ಅವರ ದೃಷ್ಟಿ ಕಾಂಪೌಂಡಿನ ಕಡೆಗೆ ಹೋಗಿ ಬಂದಿತು.

"ಸದ್ದು ಅಂತ ಏನಿಲ್ಲ. ಸದ್ದು ಇಲ್ಲದೇ ಇದ್ದದ್ದೇ ಹೊಸದು," ಎಂದರು ನಿಧಾನವಾಗಿ. "ನಾನು ಓದೋವಾಗ ಆ ಕಡೆಯಿಂದ ಒಬ್ಬರು 'ಹ್ಞೂಂ' ಅಂತಿರ್ತಾರೆ. ನನಗೆ ಕೇಳಿಸಲ್ಲ ಅಂದ್ಕೊಂಡಿದ್ದಾರೆ, ಪಾಪ. ಅಂಥ ದಿನ ಮಾತ್ರ ಆ 'ಹ್ಞೂಂ' ಇರಲಿಲ್ಲ. ಕಾಲು ನೋವೇನೋ, ಎದ್ದಿಲ್ಲವೇನೋ ಅಂದ್ಕೊಂಡೆ."

ಅವರು ಹೇಳಿ ಮುಗಿಸುವುದಕ್ಕೂ ಕಾಂಪೌಂಡಿನ ಮೇಲೆ ಒಂದು ಬಿಳಿ ತಲೆ ಮೂಡುವುದಕ್ಕೂ ಸರಿಹೋಯಿತು.

"ನಮಸ್ಕಾರ! ಎಲ್ಲ ಕ್ಷೇಮವೇ?"

ಪಕ್ಕದ ಮನೆಯ ಕ್ಯಾಪ್ಟನ್. ಅವರು ಯಾವ ಹಡಗಿಗೂ ಕ್ಯಾಪ್ಟನ್ ಆಗಿರಲಿಲ್ಲ. ಹಡಗಿನ ಅಡುಗೆಯವರಾಗಿದ್ದರು. ಆದರೆ ಆ ಎತ್ತರ, ಆ ಮೀಸೆ, ಬೀದಿಯಲ್ಲಿ ನಡೆದರೆ ನೆಲವೇ ತೂಗುತ್ತಿದೆಯೇನೋ ಎಂಬಂತೆ ಕಾಲು ಅಗಲಿಸಿ ನಡೆಯುವ ರೀತಿ ಕಂಡು ಊರವರೇ ಬಡ್ತಿ ಕೊಟ್ಟಿದ್ದರು. ಒಂದು ಕೈಯಲ್ಲಿ ಗುಲಾಬಿ ಕತ್ತರಿಸುವ ಕತ್ತರಿ, ಇನ್ನೊಂದರಲ್ಲಿ ದೊಡ್ಡ ಲೋಟದ ತುಂಬ ಗಟ್ಟಿ ಚಹಾ.

ಇಂಜಿನಿಯರಮ್ಮ ಲೋಟವನ್ನೇ ನೋಡಿದಳು. ಪುಟ್ಟಿ ಬಾಯಿ ತೆರೆದಳು. ಚಿಕ್ಕಮ್ಮ ಅವಳ ಕಾಲನ್ನು ಮೆಲ್ಲಗೆ ತುಳಿದು, ಜಗುಲಿ ದಾಟಿ ಕೇಳಿಸುವಂತೆ ಹೇಳಿದರು:

"ಏನು ಕ್ಷೇಮವೋ ಕ್ಯಾಪ್ಟನ್! ಗೋಡೆ ಹೀಗೆ. ಆದ್ರೂ ಮಕ್ಕಳಿಗೆ ಆಸೆ ಬಿಟ್ಟಿಲ್ಲ. ನಾಳೆ ಬೆಳಿಗ್ಗೆ ಇನ್ನೊಬ್ಬ ದೊಡ್ಡ ಇಂಜಿನಿಯರನ್ನ ಕರೆಸ್ತಾ ಇದ್ದೀವಿ. ಅವರು ನೋಡೋವಾಗ ಗೋಡೆ ಒಣಗಿದ್ರೆ ಅಲ್ಲೇ ಮಾತು ಮುಗಿಸಿಬಿಡ್ತೀವಿ."

ಬಿಳಿ ತಲೆ ಕಾಂಪೌಂಡಿನ ಹಿಂದಕ್ಕೆ ಮೆಲ್ಲಗೆ ಮುಳುಗಿತು.

ಮರುದಿನ ಬೆಳಗಿನ ಬಿಸಿಲು ಹಿತ್ತಲ ಬಾಗಿಲಿನಿಂದ ಒಳಗೆ ಚಾಪೆ ಹಾಸಿದಂತೆ ಬಿದ್ದಿತ್ತು. ಜಗುಲಿಯಲ್ಲಿ ರೇಡಿಯೊ ಮೇಡಂ ವಾರ್ತೆ ಶುರು ಮಾಡಿದ್ದರು. ಮಂತ್ರಿಗಳ ಭಾಷಣ, ಈರುಳ್ಳಿ ಬೆಲೆ, ಎಲ್ಲವೂ ಆ ಧ್ವನಿಯಲ್ಲಿ ರೇಷ್ಮೆಯಾಗಿ ಹರಿಯುತ್ತಿತ್ತು. ಇಂಜಿನಿಯರಮ್ಮ ಮಾಳಿಗೆಯ ಮೇಲಿದ್ದಳು. ಅವಳ ಸುತ್ತಿಗೆಯ ಟಕ್ ಟಕ್ ಸದ್ದು ಆಗೀಗ ಕೇಳುತ್ತಿತ್ತು. ಪುಟ್ಟಿಯೂ ಗಂಡನೂ ಪರದೆಯ ಹಿಂದೆ. ಚಿಕ್ಕಮ್ಮ ಬೀರುವಿನ ಮರೆಯಲ್ಲಿ ಸ್ಟೂಲು ಹಾಕಿಕೊಂಡು ಆರಾಮಾಗಿ ಕೂತಿದ್ದರು.

ಹಿತ್ತಲ ಬಾಗಿಲಿಗೆ ನೆರಳು ಬಿತ್ತು.

ಕ್ಯಾಪ್ಟನ್ ಬರಿಗಾಲಿನಲ್ಲಿ ಬಂದರು. ಒಂದು ಕೈಯಲ್ಲಿ ಕೆಟಲು, ಇನ್ನೊಂದರಲ್ಲಿ ಸುಣ್ಣ ಹೊಡೆಯುವ ಅಗಲ ಕುಂಚ. ಗೋಡೆಯ ಮುಂದೆ ನಿಂತು, ಕುಂಚವನ್ನು ಕೆಟಲಿಗೆ ಅದ್ದಿ, ಎಡದಿಂದ ಬಲಕ್ಕೆ ಒಂದು ಪಟ್ಟೆ ಎಳೆದರು. ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದರು. ಮನಸ್ಸಿಗೆ ಬರಲಿಲ್ಲ. ಅಂಚಿಗೆ ಇನ್ನೊಂದಿಷ್ಟು ತಟ್ಟಿದರು. ದೊಡ್ಡ ಚಿತ್ರಕಾರನಿಗೂ ಅಷ್ಟು ಶ್ರದ್ಧೆ ಇರಲಾರದು.

"ಎಡಗಡೆ ಮೂಲೆ ಸ್ವಲ್ಪ ತೆಳ್ಳಗಾಯ್ತು, ಕ್ಯಾಪ್ಟನ್," ಎಂದರು ಚಿಕ್ಕಮ್ಮ.

ಕುಂಚ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ನಾನು... ಅದು... ಬೆಕ್ಕು ಹುಡುಕ್ತಾ ಬಂದೆ."

"ಕುಂಚ ಹಿಡ್ಕೊಂಡು?"

"ಬೆಕ್ಕಿಗೆ... ಮೈ ಉಜ್ಜೋದಕ್ಕೆ."

"ಚಹಾದಲ್ಲಿ?"

ಪರದೆ ಗಡಗಡ ನಡುಗಿತು. ಅದರ ಹಿಂದೆ ಯಾರೋ ಬಾಯಿಗೆ ಕೈ ಅಡ್ಡ ಇಟ್ಟು ನಗು ತಡೆಯುತ್ತಿದ್ದರು. ಕ್ಯಾಪ್ಟನ್ ಪರದೆಯನ್ನು ನೋಡಿದರು, ಬೀರು ನೋಡಿದರು, ಬಾಗಿಲು ನೋಡಿದರು. ಕೊನೆಗೆ ಕೆಟಲನ್ನು ಕಿಟಕಿ ಕಟ್ಟೆಯ ಮೇಲಿಟ್ಟು, ಬಂದರು ಸೇರಿದ ಹಡಗಿನ ಹಾಗೆ ಮಂಚದ ತುದಿಯಲ್ಲಿ ಕೂತುಬಿಟ್ಟರು.

"ಹಿಡಿದ್ರಿ," ಎಂದರು.

"ಹಿಡಿದೆ. ಈಗ ಹೇಳಿ. ಮೇಲೆ ಕೋಣೆ ಕಟ್ಟಿದ್ರೆ ನಿಮ್ಮ ಗುಲಾಬಿಗೆ ಬಿಸಿಲು ಬೀಳಲ್ಲ. ಅದಕ್ಕೆ ತಾನೇ?"

ಅವಮಾನವಾದವರಂತೆ ಕ್ಯಾಪ್ಟನ್ ತಲೆ ಎತ್ತಿದರು. "ಗುಲಾಬಿಗಾ? ಬಿಸಿಲು ಬೇಕಾದ್ರೆ ಕುಂಡ ಎತ್ತಿ ಈ ಕಡೆಯಿಂದ ಆ ಕಡೆಗೆ ಇಡ್ತೀನಿ. ಅಷ್ಟಕ್ಕೆಲ್ಲ ಇನ್ನೊಬ್ಬರ ಗೋಡೆ ಹಾಳು ಮಾಡೋ ಮನುಷ್ಯನಾ ನಾನು?"

"ಹಾಗಾದ್ರೆ?"

ಜಗುಲಿಯಿಂದ ವಾರ್ತೆ ಹರಿದು ಬರುತ್ತಲೇ ಇತ್ತು. ಎಲ್ಲೋ ಒಂದು ಸೇತುವೆ ಉದ್ಘಾಟನೆಯಾಗಿತ್ತು. ಕ್ಯಾಪ್ಟನ್ ಅಭ್ಯಾಸಬಲದಿಂದ "ಹ್ಞೂಂ" ಎಂದುಬಿಟ್ಟರು. ಎಂದ ಮೇಲೆ ಕಿವಿಯವರೆಗೂ ಕೆಂಪಾದರು.

ಚಿಕ್ಕಮ್ಮನಿಗೆ ಇದ್ದಕ್ಕಿದ್ದಂತೆ ಎಲ್ಲ ಅರ್ಥವಾಯಿತು. ಎಷ್ಟೋ ಬೆಂಕಿ, ಎಷ್ಟೋ ಮೋಸ ನೋಡಿದ್ದರು. ಇಂಥ ಕಾರಣಕ್ಕೆ ಯಾರಾದರೂ ಗೋಡೆ ನೆನೆಸಿದ್ದು ಅವರು ನೋಡಿರಲಿಲ್ಲ.

"ಹಡಗಿನಲ್ಲಿ," ಎಂದು ಕ್ಯಾಪ್ಟನ್ ನೆಲ ನೋಡುತ್ತ ಹೇಳಿದರು, "ತಿಂಗಳಾನುಗಟ್ಟಲೆ ನೀರು ಬಿಟ್ಟರೆ ಏನೂ ಇಲ್ಲ. ಸಂಜೆ ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿ, ಕರಕರ ಅನ್ನೋದ್ರ ಮಧ್ಯೆ ಊರಿನ ಮಾತು ಹುಡುಕ್ತಿದ್ದೆ. ಸಿಕ್ಕ ದಿನ ಒಂದು ಧ್ವನಿ ಬರ್ತಿತ್ತು. ಅದನ್ನ ಕೇಳ್ತಾ ಈರುಳ್ಳಿ ಹೆಚ್ಚಿದ್ರೆ ಕಣ್ಣೀರೇ ಬರ್ತಿರಲಿಲ್ಲ. ಕೆಲಸ ಬಿಟ್ಟು ಬಂದು ಈ ಪಕ್ಕದ ಮನೆ ತಗೊಂಡೆ. ಮೊದಲನೇ ದಿನ ಬೆಳಿಗ್ಗೆ ಕಾಂಪೌಂಡಿನ ಈ ಕಡೆಯಿಂದ ಅದೇ ಧ್ವನಿ! ಕೈಯಲ್ಲಿದ್ದ ಸೌಟು ಬಿದ್ದುಹೋಯ್ತು."

"ಅದನ್ನ ಅವರಿಗೆ ಹೇಳಿದ್ರಾ?"

"ಹೇಗೆ ಹೇಳೋದು? ಅವರು ಅಷ್ಟು ಓದಿದವರು. ನಾನು ಸೌಟು ಹಿಡಿದವನು. ನೀರು ಹಾಕೋ ನೆಪದಲ್ಲಿ ಕೇಳಿಸ್ಕೋತಾ ಇದ್ದೆ. ಗಿಡ ಎರಡು ಸಲ ಕೊಳೆತುಹೋದವು." ಅವರು ಮೂಗು ಒರೆಸಿಕೊಂಡರು. "ಮನೆ ಮಾರಿ ಹೋಗ್ತಾರೆ ಅಂತ ಸಲೀಸಣ್ಣ ಹೇಳಿದಾಗ ತಲೆ ಕೆಟ್ಟೋಯ್ತು. ಅಡುಗೆಯವನಿಗೆ ಗೊತ್ತು, ಚಹಾ ಕಲೆ ತೊಳೆದ್ರೆ ಹೋಗುತ್ತೆ. ಮನೆಗೆ ಏನೂ ಆಗಬಾರದು ಅಂತಲೇ ಅದನ್ನ ಆರಿಸಿದ್ದು. ಬೆಳಿಗ್ಗೆ ಕುಡಿದು ಮಿಕ್ಕಿದ್ದು ಸಾಕಾಗ್ತಿತ್ತು."

"ಸಕ್ಕರೆ ಕಡಿಮೆ ಹಾಕಿದ್ರೆ ಸಿಕ್ಕಿಬೀಳ್ತಿರಲಿಲ್ಲ."

"ಸಕ್ಕರೆ ಕಡಿಮೆಯಾದ್ರೆ ಅದನ್ನ ಚಹಾ ಅಂತಾರಾ?"

ಆಗ ಚಿಕ್ಕಮ್ಮನಿಗೆ ಒಂದು ಸಂಗತಿ ಗಮನಕ್ಕೆ ಬಂತು. ಮನೆ ಸ್ತಬ್ಧವಾಗಿತ್ತು. ಜಗುಲಿಯಲ್ಲಿ ವಾರ್ತೆ ನಿಂತು ಎಷ್ಟು ಹೊತ್ತಾಗಿತ್ತೋ.

"ಇದೀಗ ಬಂದ ಸುದ್ದಿ," ಎಂದಿತು ಬಾಗಿಲಿನಿಂದ ಆ ಧ್ವನಿ.

ರೇಡಿಯೊ ಮೇಡಂ ನಿಂತಿದ್ದರು. ಕೈಯಲ್ಲಿ ಪೇಪರು, ಮೂಗಿನ ತುದಿಯಲ್ಲಿ ಕನ್ನಡಕ. ಕ್ಯಾಪ್ಟನ್ ತಟ್ಟನೆ ಎದ್ದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಗೆ ಬೆನ್ನು ಹಚ್ಚಿದರು. ಹಸಿ ಚಹಾ ಅವರ ಬಿಳಿ ಅಂಗಿಗೆ ಅಂಟಿತು.

"ನಾನು ಎಷ್ಟೊಂದು ಜನಕ್ಕೆ ವಾರ್ತೆ ಓದಿದ್ದೀನಿ," ಎಂದರು ಮೇಡಂ. "ಒಬ್ಬರೂ ತಿರುಗಿ 'ಹ್ಞೂಂ' ಅಂದವರಿಲ್ಲ. ಈ ಮನೆಗೆ ಆ ಕಡೆಯಿಂದ ಒಂದು 'ಹ್ಞೂಂ' ಬರ್ತಿತ್ತು. ಅದಕ್ಕೋಸ್ಕರ ಈ ಚಳಿಯಲ್ಲೂ ಜಗುಲಿಯಲ್ಲಿ ಕೂತು ಓದ್ತಿದ್ದೆ. ಆ ಕಡೆಯವರು ಒಂದು ನಮಸ್ಕಾರ, ಒಂದು 'ಹ್ಞೂಂ' ಬಿಟ್ಟು ಇನ್ನೊಂದು ಅಕ್ಷರ ಆಡಲಿಲ್ಲ. ಸರಿ, ಇಷ್ಟೇ ಅಂತ ಮನೆ ಮಾರೋಕೆ ಹೊರಟೆ."

"ನಾನು..."

"'ಇರಿ' ಅನ್ನೋದಕ್ಕೆ ಒಂದು ಮಾತು ಸಾಕಿತ್ತು. ನನಗೆ ಹೇಳೋದು ಬಿಟ್ಟು ಗೋಡೆಗೆ ಹೇಳಿದ್ರಿ."

ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡರು. ಬಿರುಗಾಳಿಯಲ್ಲೂ ಒಲೆ ಆರದಂತೆ ನೋಡಿಕೊಂಡವರು ಈಗ ಎರಡಕ್ಷರಕ್ಕೆ ತಿಣುಕಾಡಿದರು.

"ಇರಿ," ಎಂದರು.

"ಎಲ್ಲಿ ಇರಲಿ? ಮನೆ ಈ ಮಕ್ಕಳಿಗೆ ಕೊಡ್ತೀನಿ ಅಂತ ಮಾತಾಡಿ ಆಗಿದೆ. ಮಾತು ತಪ್ಪೋಳಲ್ಲ ನಾನು."

"ಕಾಂಪೌಂಡಿನ ಆ ಕಡೆ," ಎಂದರು ಕ್ಯಾಪ್ಟನ್. "ಜಗುಲಿ ಅಲ್ಲೂ ಇದೆ. ಕುರ್ಚಿಯೂ ಇದೆ. ಬಿಸಿನೀರು ಕಾಯಿಸೋಕೆ ಬರುತ್ತೆ ನನಗೆ."

ಮೇಡಂ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ವಾರ್ತೆಯ ಗತ್ತು ಒಂದಿಷ್ಟೂ ಕುಂದಿರಲಿಲ್ಲ, ತುಟಿಯ ಕೊನೆ ಮಾತ್ರ ಅದುರುತ್ತಿತ್ತು. "ವಿವರಗಳನ್ನು ನಿರೀಕ್ಷಿಸಲಾಗಿದೆ," ಎಂದರು.

ಪರದೆ ಹರಿದೇ ಹೋಗುವಂತೆ ಸರಿಸಿ ಪುಟ್ಟಿ ಹೊರಗೆ ಬಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿದಿರಲಿಲ್ಲ. ಮೇಷ್ಟ್ರು ಕ್ಯಾಪ್ಟನ್ನರ ಕೈ ಹಿಡಿದು ಪಂಪು ಹೊಡೆಯುವವನಂತೆ ಕುಲುಕಿದ. ಕಣ್ಣಿಗೆ ಧೂಳು ಬಿತ್ತೆಂದು ಚಿಕ್ಕಮ್ಮ ಬೀರುವಿನ ಕಡೆ ತಿರುಗಿ ನಿಂತರು. ಬೀರು ಆಗತಾನೆ ಒರೆಸಿದ್ದು, ಧೂಳಿನ ಸುಳಿವಿರಲಿಲ್ಲ.

ಅದೇ ಹೊತ್ತಿಗೆ ಬೂಟಿನ ಸದ್ದು ಮಾಡುತ್ತ ಇಂಜಿನಿಯರಮ್ಮ ಇಳಿದು ಬಂದಳು. ಕೆಳಗೆ ಏನು ನಡೆಯಿತೆಂದು ಅವಳಿಗೆ ಗೊತ್ತಿಲ್ಲ.

"ಮಾಳಿಗೆ ಒಪ್ಪಿಕೊಂಡಿದೆ!" ಎಂದಳು. "ತೊಲೆ ಗಟ್ಟಿ, ಬುನಾದಿ ಗಟ್ಟಿ. ಮೇಲೆ ಕೋಣೆ ಹಾಕಬಹುದು. ಆದ್ರೆ ನಾನು ಹೇಳಿದ ಹಾಗೆ ಹಗುರ ಇಟ್ಟಿಗೆ, ಕೆಳಗಿನ ಗೋಡೆ ಮೇಲೇ ಮೇಲಿನ ಗೋಡೆ. ನಡುಮಧ್ಯೆ ಭಾರ ಬೇಡ."

ಪುಟ್ಟಿಗೆ ಕೂಡಲೇ ಹೊಸ ಚಿಂತೆ. "ಯಂತ್ರಗಳೆಲ್ಲ ಒಟ್ಟಿಗೆ ಓಡಿದ್ರೆ ನಡುಗುತ್ತಲ್ಲ? ಕೆಳಗೆ ಮಗು ಮಲಗಿರುತ್ತೆ."

"ಗೋಡೆ ಪಕ್ಕ ಸಾಲಾಗಿ ಇಡಿ. ಅಡಿಗೆ ದಪ್ಪ ರಬ್ಬರ್ ಹಾಸು. ಗಂಡನ ಗೊರಕೆಗಿಂತ ಕಡಿಮೆ ಸದ್ದು."

"ಮತ್ತೆ ಕ್ಯಾಪ್ಟನ್ ಕಡೆಗೆ ಒಂದಿಷ್ಟು ಜಾಗ ಬಿಟ್ಟೇ ಕಟ್ಟಬೇಕು," ಎಂದರು ಚಿಕ್ಕಮ್ಮ. "ಗುಲಾಬಿಗೆ ಬಿಸಿಲು ಬೇಕು. ವಾರ್ತೆಗೆ ಗಾಳಿ ಬೇಕು."

"ಅಪ್ಪಣೆ ಬೇಕಲ್ಲ ನಗರಸಭೆಯಿಂದ?" ಎಂದ ಮೇಷ್ಟ್ರು.

"ಸಲೀಸಾಗಿ ಆಗುತ್ತೆ," ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಅಲ್ಲಿಲ್ಲದ ಸಲೀಸಣ್ಣನಿಗೆ ಬಿಕ್ಕಳಿಕೆ ಬಂದಿರಬೇಕು.

ಕ್ಯಾಪ್ಟನ್ ಬಕೆಟ್ಟು ತಂದು ತಾವೇ ಗೋಡೆ ತೊಳೆಯತೊಡಗಿದರು. ಮೇಡಂ ಪಕ್ಕದಲ್ಲಿ ನಿಂತು, ಇಲ್ಲಿ ಉಳಿದಿದೆ, ಅಲ್ಲಿ ಉಳಿದಿದೆ ಎಂದು ತೋರಿಸಿದರು. ಕಲೆ ಕರಗಿ ಹಿಂದಿನ ತಿಳಿ ಹಸಿರು ಬಣ್ಣ ಕಾಣಿಸಿತು. ದಿಕ್ಕು ತಪ್ಪಿದ ಇರುವೆಗಳು ಕಿಟಕಿಯ ಕಡೆಗೆ ವಾಪಸು ಹೊರಟವು. ಇಷ್ಟು ಸಂತೋಷದ ತನಿಖೆಯನ್ನು ತಾನು ಮಾಡಿರಲಿಲ್ಲವೆಂದು ಚಿಕ್ಕಮ್ಮ ಅಂದುಕೊಳ್ಳುತ್ತಿರುವಾಗಲೇ ಬೀದಿಯಲ್ಲಿ ಲಾರಿ ನಿಂತ ಸದ್ದಾಯಿತು.

ಹಿಂದೆಯೇ ದಡದಡ ಇಟ್ಟಿಗೆ ಸುರಿದ ಸದ್ದು.

"ಇಷ್ಟು ಬೇಗ ತರಿಸಿಬಿಟ್ರಾ?" ಎಂದು ಪುಟ್ಟಿ ಗಂಡನ ಕಡೆ ನೋಡಿದಳು. ಅವನು ಇಂಜಿನಿಯರಮ್ಮನ ಕಡೆ ನೋಡಿದ. ಇಂಜಿನಿಯರಮ್ಮ ಇಲ್ಲವೆಂದು ತಲೆಯಾಡಿಸಿದಳು.

ಎಲ್ಲರೂ ಮುಂದಕ್ಕೆ ಬಂದರು. ಗೇಟಿನ ಮುಂದೆ ಕೆಂಪು ಇಟ್ಟಿಗೆಯ ಗುಡ್ಡೆ. ಪಕ್ಕದಲ್ಲಿ ಒಬ್ಬ ಗಾರೆ ಮೇಸ್ತ್ರಿ. ಅವನ ಹಿಂದೆ ಒಳ್ಳೆಯ ಬಟ್ಟೆ ತೊಟ್ಟ ಗಂಡ ಹೆಂಡತಿ, ಹೊಸ ಮನೆಗೆ ಬಂದವರ ಹಿಗ್ಗು ಇಬ್ಬರ ಮುಖದಲ್ಲೂ. ಗಂಡಸು ನೇರವಾಗಿ ಮನೆಯ ಪಕ್ಕಕ್ಕೆ ನಡೆದು, ಮಾಳಿಗೆ ಮೆಟ್ಟಿಲಿನ ಕೆಳಗಿದ್ದ ಕಬ್ಬಿಣದ ಬಾಗಿಲಿನ ಸಾಮಾನು ಕೋಣೆಯ ಬೀಗಕ್ಕೆ ಜೇಬಿನಿಂದ ಒಂದು ಕೀಲಿ ತೆಗೆದು ಹಾಕಿದ. ಬೀಗ ತೆರೆದುಕೊಂಡಿತು.

"ಏನ್ರೀ ಅದು?" ಕ್ಯಾಪ್ಟನ್ ಗುಡುಗಿದರು. "ಯಾರು ನೀವು?"

"ನಾವಾ? ಈ ಮನೆ ತಗೊಂಡವರು," ಎಂದ ಅವನು, ಅಚ್ಚರಿಯಿಂದ. "ಸಾಮಾನು ಒಳಗಿಟ್ಟು ಇವತ್ತೇ ಮೇಲಿನ ಕೋಣೆ ಕೆಲಸ ಶುರು ಮಾಡ್ಕೊಳ್ಳಿ ಅಂದ್ರಲ್ಲ. ಕೀಲಿ ಕೂಡ ಅವರೇ ಕೊರಿಯರಿನಲ್ಲಿ ಕಳಿಸಿದ್ರು. ನೀವ್ಯಾರು?"

ಪುಟ್ಟಿ ಗಂಡನ ತೋಳು ಹಿಡಿದುಕೊಂಡಳು.

"ಕಳಿಸಿದ್ದು ಯಾರು?" ಚಿಕ್ಕಮ್ಮ ಮುಂದೆ ಬಂದರು. "ದಲ್ಲಾಳಿನಾ?"

"ದಲ್ಲಾಳಿ ಯಾರೂ ಇಲ್ಲ. ಮನೆಯವರೇ ಫೋನಲ್ಲಿ ಮಾತಾಡಿದ್ರು."

"ಈ ಮನೆಯವರು ನಾನು," ಎಂದರು ರೇಡಿಯೊ ಮೇಡಂ. "ನಾನು ನಿಮ್ಮ ಹತ್ರ ಯಾವತ್ತೂ ಮಾತಾಡಿಲ್ಲ."

ಲಾರಿಯ ಬಳಿಯಿದ್ದ ಹೆಂಗಸು ತಿರುಗಿದಳು. ಅವಳ ಮುಖ ಅರಳಿತು.

"ಅಯ್ಯೋ, ನೀವೇ ಅಲ್ವಾ! ತಮಾಷೆ ಮಾಡ್ತಿದ್ದೀರಾ? ಗಂಟೆಗಟ್ಟಲೆ ಮಾತಾಡಿದ್ದೀವಲ್ಲ ಮೇಡಂ. ಈ ಧ್ವನಿಯನ್ನ ಮರೆಯೋಕಾಗುತ್ತಾ? ಇದೇ, ಇದೇ ಧ್ವನಿ!"

ಚಿಕ್ಕಮ್ಮ ಮೇಡಂ ಕಡೆ ತಿರುಗಿದರು. 'ಸುಳ್ಳು' ಎಂಬ ಒಂದು ಮಾತು ಬರುತ್ತದೆಂದು ಕಾದರು. ಅದು ಬರಲಿಲ್ಲ. ಮೇಡಂ ಕೈಯಿಂದ ಪೇಪರು ಜಾರಿ ಮೆಟ್ಟಿಲ ಮೇಲೆ ಹರಡಿಕೊಂಡಿತು. ಆ ಹೆಂಗಸಿನ ಹತ್ತಿರಕ್ಕೆ ನಡೆದು ಹೋಗಿ, ಅವಳ ಎರಡೂ ಕೈ ಹಿಡಿದುಕೊಂಡು, ಕ್ಯಾಪ್ಟನ್ ಕೂಡ ಎಂದೂ ಕೇಳಿರದ ಒಂದು ಸಣ್ಣ ಧ್ವನಿಯಲ್ಲಿ ಕೇಳಿದರು:

"ಅವಳು... ನನ್ನ ಮಗಳು... ಚೆನ್ನಾಗಿದ್ದಾಳಾ?"